ಹನಮಂತಪ್ಪ ಸಾಲಿಗೆ ಹೊಲ ಕೊಟ್ಟಾನ

ಹೈಸ್ಕೂಲಿನ ಅಂಗಳದ ಬೇವಿನ ಗಿಡದ ಕೆಳಗೆ ದಾವೂದಸಾಬ ಮಾಸ್ತರರು ಹತ್ತನೇ ಇಯತ್ತೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸಾಕು, ಮೊರಬದ ರಸ್ತೆಯ ಮೇಲೆ ಹೋಗುವವರು ಚಕ್ಕಡಿ ನಿಲ್ಲಿಸಿ ನೋಡುತ್ತಿದ್ದರು. ಪಾಠವೋ ಕವಾಯತೋ ಒಂದೂ ತಿಳಿಯುತ್ತಿರಲಿಲ್ಲ. ಒಬ್ಬನ ಕೈಯಲ್ಲಿ ಒಂದು ರೊಟ್ಟಿ, ಅವನ ಎದುರು ಕೈಯೊಡ್ಡಿದ ಇನ್ನೊಬ್ಬ, ನಡುವೆ ಬೆತ್ತ ಆಡಿಸುತ್ತ ಮಾಸ್ತರರು.

“ಕೊಟ್ಟಾಂವ ಮುಂದ ನಿಂದರಲಿ! ಇಸಗೊಂಡಾಂವ ಹಿಂದ! ರೊಟ್ಟಿ ಕಡೀಕ! ಲೇ ಹೊಳೆಪ್ಪಾ, ರೊಟ್ಟಿ ತಿನಬ್ಯಾಡಲೇ, ಅದು ಪಾಠದ ರೊಟ್ಟಿ!”

ಅಣ್ಣಿಗೇರಿಯವರಾದ ದಾವೂದಸಾಬರಿಗೆ ಇಂಗ್ಲೀಷನ್ನು ಪುಸ್ತಕದಿಂದ ಕಲಿಸಿ ಸಾಕಾಗಿತ್ತು. ವರ್ಷಾ ವರ್ಷಾ ಅರ್ಧ ಕ್ಲಾಸು ಇಂಗ್ಲೀಷಿನಲ್ಲೇ ಬೀಳುತ್ತಿತ್ತು. ಬಿದ್ದವರೆಲ್ಲ ಎರೆಹೊಲಕ್ಕೆ ಹೋಗುತ್ತಿದ್ದರು. ಅದಕ್ಕೇ ಅವರು ಪುಸ್ತಕ ಮುಚ್ಚಿ ಮಕ್ಕಳನ್ನು ಅಂಗಳಕ್ಕೆ ತಂದಿದ್ದರು.

“ನೋಡ್ರಿ, ಕನ್ನಡದಾಗ ನೀವು ಹೆಂಗ ಬೇಕಾದ್ರೂ ನಿಂದರ್ರಿ. ‘ಅವ್ವ ನನಗ ರೊಟ್ಟಿ ಕೊಟ್ಲು’ ಅನ್ರಿ, ‘ರೊಟ್ಟಿ ನನಗ ಕೊಟ್ಲು ಅವ್ವ’ ಅನ್ರಿ, ರೊಟ್ಟಿ ನಿಮ್ಮ ಹೊಟ್ಟಿಗೇ ಬರತೈತಿ. ಯಾಕ? ಇಸಗೊಂಡಾಂವಗ ನಮ್ಮ ಮಾತಿನಾಗ ಒಂದು ಬಾಲ ಐತಿ. ನನಗ, ನಿನಗ, ಅವಗ. ಇಂಗ್ಲೀಷಿನಾಗ ಆ ಬಾಲ ಕತ್ತರಿಸಿ ಒಗದಾರ. ಅಲ್ಲಿ ಯಾಂವ ಎಲ್ಲಿ ನಿಂತಾನ ಅನ್ನೂದ ಎಲ್ಲಾ. ‘ಮದರ್ ಗೇವ್ ಮಿ ರೊಟ್ಟಿ.’ ಕೊಟ್ಟಾಕಿ ಮೊದಲ, ಕೊಡೂ ಕೆಲಸ ಆಮ್ಯಾಲ, ಇಸಗೊಂಡಾಂವ ಅದರ ಹಿಂದ, ಜೀನಸು ಕಡೀಕ. ಸಾಲು ತಪ್ಪಿಸಿದ್ರ ರೊಟ್ಟೀನ ಅವ್ವನ್ನ ಕೊಟ್ಟಂಗ ಆಕ್ಕೈತಿ! ಗಿವ್ ಅಷ್ಟ ಅಲ್ಲ, ಸೆಂಡ್, ಶೋ, ಟೀಚ್, ಟೆಲ್, ಎಲ್ಲಾ ಇದ ಹಾದಿ. ಹೂಂ, ಒಬ್ಬೊಬ್ರ ಹೇಳ್ರಿ. ಮನ್ಯಾಗಿಂದು, ಹೊಲದಾಗಿಂದು, ಏನರ ಹೇಳ್ರಿ.”

ಹೊಳೆಪ್ಪ ಕೈ ಎತ್ತಿದ. “ಸರ್, ದಿ ಬಫೆಲೋ ಗೇವ್ ಮಿ ಎ ಕಿಕ್.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಸ್ತರರು ನಗಲಿಲ್ಲ. “ಶಾಬಾಸ್! ಅಗದಿ ಬರೋಬ್ಬರಿ! ಕನ್ನಡದ ಎಮ್ಮಿ ಬರೇ ಒದೀತೈತಿ. ಇಂಗ್ಲೀಷ್ ಎಮ್ಮಿ ಒದಿಕೀನೂ ದಾನಾ ಮಾಡತೈತಿ. ಕೆಂಚವ್ವಾ, ನೀ ಹೇಳಬೇ.”

ಕೇರಿಯ ಲಕ್ಷ್ಮವ್ವನ ಮಗಳು ಕೆಂಚವ್ವ ಕೊನೆಯ ಸಾಲಿನಿಂದ ಮುಂದೆ ಬಂದಳು. ಹದಿನೈದು ತುಂಬಿದ ಹುಡುಗಿ. ಕೇರಿಯಿಂದ ಹತ್ತನೇ ಇಯತ್ತೆಯ ತನಕ ಬಂದ ಮೊದಲ ಹೆಣ್ಣು. ಇಂಗ್ಲೀಷಿನಲ್ಲಿ ಆ ಕ್ಲಾಸಿಗೇ ಮುಂದೆ.

“ಮೈ ಮದರ್ ಗಿವ್ಸ್ ದಿ ಗೌಡಾ ಕಾಟನ್.”

ಹಿಂದಿನಿಂದ ಯಾವನೋ ಕಿಸಕ್ಕೆಂದ. “ಎಲಾ ಇವಳ! ನಿಮ್ಮವ್ವ ಗೌಡ್ರಿಗೆ ಹತ್ತಿ ಕೊಡ್ತಾಳ? ಗೌಡ್ರು ನಿಮ್ಮವ್ವಗ ಪಗಾರ ಕೊಡ್ತಾರ.”

“ಅದೂ ಐತಿ,” ಎಂದಳು ಕೆಂಚವ್ವ ತಿರುಗಿ. “ಆದ್ರ ಮೊದಲ ನಮ್ಮವ್ವ ಹತ್ತಿ ಬಿಡಿಸಿ ಕೊಡ್ತಾಳ. ಆಮ್ಯಾಲ ಗೌಡ್ರು. ಸಾಲು ತಪ್ಪಸಬ್ಯಾಡ.”

ದಾವೂದಸಾಬರು ಬೆತ್ತವನ್ನು ಕಂಕುಳಿಗೆ ಸೇರಿಸಿ ಆ ಹುಡುಗಿಯನ್ನೇ ನೋಡಿದರು. ವ್ಯಾಕರಣದಲ್ಲಿ ತಪ್ಪಿರಲಿಲ್ಲ.

ಅದೇ ವಾರ ಹೆಡ್ ಮಾಸ್ತರ ಈರಬಸಪ್ಪನವರು ಕೆಂಚವ್ವನನ್ನು ತಮ್ಮ ಖೋಲಿಗೆ ಕರೆಸಿದರು. ಡಿಸೆಂಬರ್ ತಿಂಗಳು. ಸಾಲಿಯ ವಾರ್ಷಿಕ ಗ್ಯಾದರಿಂಗ್ ಶನಿವಾರಕ್ಕೆ ನಿಗದಿಯಾಗಿತ್ತು. ಸಾಲಿ ಹುಟ್ಟಿ ಇಪ್ಪತ್ತು ವರ್ಷವಾದ ನೆಪದಲ್ಲಿ ಬಾಗಿಲಿನ ಬಾಜೂಕೆ ಒಂದು ಹಾಲುಗಲ್ಲು ಕೂರಿಸಿ, ಅದರ ಮೇಲೆ ‘ಭೂದಾನಿ ಶ್ರೀ ಕುಬೇರಪ್ಪ ಗೌಡರು’ ಎಂದು ಕೆತ್ತಿಸಿ, ಮೇಲೆ ಕೆಂಪು ಬಟ್ಟೆ ಹೊದಿಸಿದ್ದರು. ಧಾರವಾಡದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಬಟ್ಟೆ ಸರಿಸುವವರಿದ್ದರು.

“ನಮ್ಮ ಸಾಲಿ ಹುಡುಗರ ಇಂಗ್ಲೀಷು ಸಾಹೇಬ್ರ ಕಿವಿಗೆ ಬೀಳಬೇಕು,” ಎಂದರು ಈರಬಸಪ್ಪನವರು, ಒಂದು ಕಾಗದ ಮುಂದೆ ಸರಿಸಿ. “ನೀ ಮಾತಾಡು. ನಿಮ್ಮ ಕೇರಿ ಹುಡುಗಿ ಗೌಡ್ರಿಗೆ ಇಂಗ್ಲೀಷಿನಾಗ ಉಪಕಾರ ಹೇಳಿದ್ರ ಅದರ ಶೋಭಾನ ಬ್ಯಾರೆ. ನಾನ ಬರದೀನಿ. ಐದು ವಾಕ್ಯ. ಬಾಯಿಪಾಠ ಮಾಡು.”

ಕೆಂಚವ್ವ ಓದಿದಳು. ಮೊದಲನೆಯ ವಾಕ್ಯದಲ್ಲೇ ನಿಂತಳು. ಕುಬೇರಪ್ಪ ಗೌಡಾ ಗೇವ್ ದಿ ಸ್ಕೂಲ್ ದಿಸ್ ಲ್ಯಾಂಡ್.

“ಸರ್, ಈ ಹೊಲ ನಮ್ಮ ಮುತ್ಯಾ ಕೊಟ್ಟದ್ದರಿ.”

ಹೆಡ್ ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಆಮೇಲೆ ಮೇಜಿನ ಖಾನೆ ಎಳೆದು, ಪರೀಕ್ಷೆಯ ಫಾರ್ಮುಗಳ ಕಟ್ಟನ್ನು ತೆಗೆದು, ಮತ್ತೆ ಒಳಗಿಟ್ಟು ಖಾನೆ ಮುಚ್ಚಿದರು.

“ಇನ್ನಾ ಒಂದಕ್ಕೂ ಸಹಿ ಮಾಡಿಲ್ಲ ನಾನು. ಮುಂದಿನ ಮಂಗಳವಾರ ಕಡೀ ದಿವಸ. ಮೂರರ ಬಸ್ಸಿಗೆ ಕ್ಲಾರ್ಕು ಒಯ್ತಾನ. ಕೆಂಚವ್ವಾ, ಶಾಣ್ಯಾ ಹುಡುಗಿ ಅದಿ ನೀ. ಹೆಚ್ಚಿಗಿ ಹೇಳಸಬ್ಯಾಡ.”

ಊರಿಗೆ ಗೊತ್ತಿಲ್ಲದ ಸಂಗತಿ ಏನೂ ಅಲ್ಲ ಅದು. ಗೊತ್ತಿದ್ದೂ ಇಪ್ಪತ್ತು ವರ್ಷ ಯಾರೂ ಬಾಯಿ ಬಿಡದ ಸಂಗತಿ. ಕೆಂಚವ್ವನ ಮುತ್ಯಾ ಹನಮಂತಪ್ಪನಿಗೆ ರಸ್ತೆಯ ಬಾಜೂಕೆ ಒಂದೂವರೆ ಎಕರೆ ಎರೆಹೊಲವಿತ್ತು. ಊರು ಕಾಯುವ ಕೆಲಸಕ್ಕೆಂದು ಹಿಂದಿನವರು ಆ ಮನೆತನಕ್ಕೆ ಬಿಟ್ಟ ಹೊಲ. ಹೈಸ್ಕೂಲು ಮಂಜೂರಾದಾಗ ಗೌಡ ತೋರಿಸಿದ್ದು ಹಳ್ಳದ ದಂಡೆಯ ಕಲ್ಲು ಗೊರಚಿನ ಜಾಗ. ನೋಡಲು ಬಂದ ಅಧಿಕಾರಿ ಬ್ಯಾಡ ಎಂದ. ಆಗ ಹನಮಂತಪ್ಪ ಚಾವಡಿಯ ಕಟ್ಟೆಯ ಕೆಳಗೆ ನಿಂತು, “ನಂದು ತಗೋರಿ. ನಮ್ಮ ಹುಡುಗರೂ ನಾಕು ಅಕ್ಷರಾ ಕಲೀಲಿ,” ಎಂದ. ಕಾಗದ ಬರೆಸುವಾಗ ಗೌಡ ಅಂದ: “ನಿನ್ನ ಹೆಸರಿಲೆ ಕೊಟ್ರ ಸರ್ಕಾರದಾಗ ತಕರಾರು ಬರತೈತಿ ಹನಮಂತ. ಮೊದಲ ನನ್ನ ಹೆಸರಿಗೆ ಮಾಡು. ನಾ ಸಾಲಿಗೆ ಬರದು ಕೊಡ್ತೀನಿ.” ಹನಮಂತಪ್ಪ ಹೆಬ್ಬಟ್ಟು ಒತ್ತಿದ. ಗೌಡ ಬರೆದುಕೊಟ್ಟ. ಹೊಲ ಸಾಲಿಗೆ ಹೋಯಿತು, ಹೆಸರು ಗೌಡನಿಗೆ ಹೋಯಿತು. ಹನಮಂತಪ್ಪನ ಮಗ ಸೊಸೆ ಗೌಡನ ಹೊಲಕ್ಕೇ ಕೂಲಿಗೆ ಹೋದರು. ಮಗ ಸತ್ತ ಮೇಲೂ ಸೊಸೆ ಲಕ್ಷ್ಮವ್ವ ಹೋಗುತ್ತಲೇ ಇದ್ದಳು.

ಇದೇ ಕುಬೇರಪ್ಪ ಗೌಡ ಎಂಬತ್ತನೇ ಇಸವಿಯಲ್ಲಿ ನವಲಗುಂದದಲ್ಲಿ ರೈತರು ಸರ್ಕಾರಕ್ಕೆ ತಿರುಗಿ ನಿಂತಾಗ ಟ್ರ್ಯಾಕ್ಟರ್ ಹತ್ತಿ ಹೋಗಿ, ನೀರಿನ ಕರ ಕೊಡೂದಿಲ್ಲ, ಏನ ಮಾಡ್ಕೋತೀರಿ ಮಾಡ್ಕೋರಿ ಎಂದು ಗಂಟಲು ಹರಿದು ಬಂದವನು. ಕೊಡುವುದಿಲ್ಲ ಎನ್ನುವ ಮಾತಿನ ರುಚಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಬೇರೆಯವರ ಬಾಯಿಗೂ ರುಚಿಸೀತು ಎಂಬುದು ಗೊತ್ತಿರಲಿಲ್ಲ.

ಮನೆಯಲ್ಲಿ ಕೆಂಚವ್ವ ಕಾಗದ ಓದಿ ಅರ್ಥ ಹೇಳಿದಳು. ಹನಮಂತಪ್ಪ ಗ್ವಾಡೆಗೆ ಆತು ಕುಳಿತು ತಂಬಾಕು ತಿಕ್ಕುತ್ತಿದ್ದ. ಕೈ ನಿಲ್ಲಿಸಲಿಲ್ಲ.

“ಅಂದು ಬಿಡವಾ. ನಾಲಿಗಿಗೆ ಏನು ಹುಣ್ಣ ಆಗತೈತಿ? ಹೊಲಾನ ಹೋಗೇತಿ, ಇನ್ನು ಹೆಸರು ಕಟ್ಕೊಂಡು ಏನ ಮಾಡೂದು. ನೀ ಪಾಸಾಗು.”

ಲಕ್ಷ್ಮವ್ವ ಒಲೆಯ ಮುಂದಿನಿಂದಲೇ ಗದರಿದಳು. “ಮಾವಾ, ನೀ ಸುಮ್ಮನಿರು. ನೀ ಸುಮ್ಮನಿದ್ದದ್ದಕ್ಕ ಇಷ್ಟು ಆಗೇತಿ.” ಮಗಳ ಕಡೆ ಹಿಟ್ಟಿನ ಕೈ ತೋರಿಸಿ, “ಏನಬೇ, ನಿಮ್ಮ ಮುತ್ಯಾನ ಹೊಲದಾಗ ನಿಂತು, ನಿನ್ನ ಬಾಯಿಲೆ, ಅಂವಾ ಕೊಟ್ಟ ಅಂತ ಹೇಳ್ತೀ? ಹೇಳಿ ಬಂದು ನನ್ನ ಕೈಯಾಗಿನ ರೊಟ್ಟಿ ಹೆಂಗ ತಿಂತೀ?”

“ಫಾರ್ಮಿಗೆ ಸಹಿ ಮಾಡೂದಿಲ್ಲಂತ ಯವ್ವಾ. ಒಂದು ವರ್ಷ ಹೊಕ್ಕೈತಿ. ಒಂದು ವರ್ಷ ಹೋದ್ರ ನನ್ನ ಮತ್ತ ಸಾಲಿಗೆ ಕಳಸ್ತಿಯೇನು? ಮದಿವಿ ಮಾಡ್ತಿ.”

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಸೊಸೆಯ ರೊಟ್ಟಿ ಕರಕಾದದ್ದನ್ನು ಹನಮಂತಪ್ಪ ಕಂಡದ್ದು ಅದೇ ಮೊದಲು.

ಶುಕ್ರವಾರ ದಾವೂದಸಾಬರ ಮುಂದೆ ಅವಳು ಐದೂ ವಾಕ್ಯವನ್ನು ಒಪ್ಪಿಸಿದಳು. ಉಚ್ಚಾರ ಸರಿಯಿತ್ತು, ದನಿ ಸತ್ತಿತ್ತು.

“ಇಷ್ಟು ತಣ್ಣಗ ಅಂದ್ರ ಯಾರಿಗೆ ಕೇಳತೈತಿ?” ಎಂದರು ಮಾಸ್ತರರು.

“ಕೇಳಬಾರದು ಅಂತನ ತಣ್ಣಗ ಅಂದೀನ್ರಿ. ಸರ್, ನೀವ ಹೇಳೀರಿ, ಕೊಟ್ಟಾಂವ ಮೊದಲ ನಿಂದರಬೇಕಂತ. ಇಲ್ಲಿ ನಿಂತಾಂವ ಕೊಟ್ಟಾಂವ ಅಲ್ಲ.”

ದಾವೂದಸಾಬರು ಕಿಟಕಿಯಾಚೆ ನೋಡಿದರು. ಮೂರು ವರ್ಷದಲ್ಲಿ ಎರಡು ಸಲ ಬದಲಿಯಾದ ಮನುಷ್ಯ. ಹೆಂಡತಿ ಇನ್ನೂ ಒಂದು ಪೆಟ್ಟಿಗೆಯ ಹಗ್ಗ ಬಿಚ್ಚಿರಲಿಲ್ಲ. “ನಾ ಹೊರಗಿನಾಂವ, ಕೆಂಚವ್ವಾ. ನಿಮ್ಮೂರಿನ ಹೊಲಾ ಮನಿ ನನಗ ಗೊತ್ತಿಲ್ಲ. ಬರದ ವಾಕ್ಯದಾಗ ತಪ್ಪಿದ್ರ ತಿದ್ದತೀನಿ. ಖರೇ ಸುಳ್ಳು ನಾ ತಿದ್ದಾಕ ಬರೂದಿಲ್ಲ.” ಕಿಟಕಿಯ ಕಡೆಗೇ ಮುಖ ಮಾಡಿ, “ಅದನ್ನ ತಿದ್ದೋರು ತಿದ್ದಬೇಕು,” ಎಂದರು.

ಶನಿವಾರ ಮಧ್ಯಾಹ್ನ ಸಾಲಿಯ ಅಂಗಳದಲ್ಲಿ ಪೆಂಡಾಲು ಬಿದ್ದಿತ್ತು. ಮುಂದೆ ಖುರ್ಚಿ, ಅದರ ಹಿಂದೆ ಜಮಖಾನೆ, ಜಮಖಾನೆಯ ಅಂಚಿಗೆ ಒಂದು ಹಗ್ಗ. ಹಗ್ಗದಾಚೆ ಬಿಸಿಲಲ್ಲಿ ಕೇರಿಯವರು. ಹಾಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಹಗ್ಗವೇ ಹೇಳುತ್ತಿತ್ತು. ಹನಮಂತಪ್ಪ ತನ್ನದೇ ಹೊಲದಲ್ಲಿ ತಲೆಯ ಮೇಲೆ ವಲ್ಲಿ ಹಾಕಿಕೊಂಡು, ಹಗ್ಗದಾಚೆ ಕುಕ್ಕರಗಾಲಿನಲ್ಲಿ ಕುಳಿತಿದ್ದ.

ವೇದಿಕೆಯ ಮೇಲೆ ಸಾಹೇಬರು, ಅವರ ಬಲಕ್ಕೆ ಕುಬೇರಪ್ಪ ಗೌಡ. ಸಾಬಾನಿನಂತೆ ಬೆಳ್ಳಗಿನ ಧೋತರ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಈರಬಸಪ್ಪನವರು ಮೈಕಿನ ಮುಂದೆ ಗೌಡರನ್ನು ಹೊಗಳಿ ಹೊಗಳಿ ದಣಿದು, “ಈಗ ನಮ್ಮ ಸಾಲಿಯ ಹಿಂದುಳಿದ ವರ್ಗದ ವಿದ್ಯಾರ್ಥಿನಿ ಇಂಗ್ಲೀಷ್ ಭಾಷೆಯೊಳಗ ಕೃತಜ್ಞತಾ ಸಲ್ಲಿಸತಾಳ,” ಎಂದರು.

ಕೆಂಚವ್ವ ಮೈಕಿನ ಮುಂದೆ ನಿಂತಳು. ಕೈಯಲ್ಲಿ ಕಾಗದವಿತ್ತು. ಐದೂ ವಾಕ್ಯ ಬಾಯಲ್ಲಿದ್ದವು. ಒಂದು ನಿಮಿಷದ ಕೆಲಸ. ಅಂದು ಬಿಟ್ಟರೆ ಸಹಿ, ಸಹಿಯ ಹಿಂದೆ ಪರೀಕ್ಷೆ, ಪರೀಕ್ಷೆಯ ಹಿಂದೆ ಈ ಊರಿನಾಚೆಗಿನ ರಸ್ತೆ. ಅವಳು ಹಗ್ಗದಾಚೆ ನೋಡಿದಳು. ಮುತ್ಯಾ ಅವಳ ಕಡೆ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಎರಡು ಬೆರಳಿನಿಂದ ಒಂದು ಹೆಂಟೆ ಪುಡಿ ಮಾಡಿ, ಮಣ್ಣು ಹದವಾಗಿದೆಯೋ ಎಂದು ನೋಡುವವನ ಹಾಗೆ ಅಂಗೈಯಲ್ಲಿ ತಿಕ್ಕುತ್ತಿದ್ದ. ಇಪ್ಪತ್ತು ವರ್ಷ ಬಿತ್ತದ ನೆಲ.

ಕೆಂಚವ್ವ ಕಾಗದವನ್ನು ಮಡಚಿದಳು. ದನಿ ಎತ್ತಿದಳು.

“ಹನಮಂತಪ್ಪಾ ಗೇವ್ ದಿ ಸ್ಕೂಲ್ ದಿಸ್ ಲ್ಯಾಂಡ್. ಕುಬೇರಪ್ಪ ಗೌಡಾ ಗೇವ್ ಹನಮಂತಪ್ಪಾ ನಥಿಂಗ್.”

ತನ್ನ ಹೆಸರು ಮೈಕಿನಲ್ಲಿ ಅಷ್ಟು ಜೋರಾಗಿ, ಅದೂ ಇಂಗ್ಲೀಷಿನಲ್ಲಿ ಬಂದದ್ದೇ ತಡ, ಕುಬೇರಪ್ಪ ಗೌಡನ ಮುಖ ಅರಳಿತು. ಎಲ್ಲರಿಗಿಂತ ಮೊದಲು ಅವನೇ ಚಪ್ಪಾಳೆ ಹೊಡೆದ. ಗೌಡ ಹೊಡೆದ ಮೇಲೆ ಖುರ್ಚಿಗಳು ಹೊಡೆದವು, ಖುರ್ಚಿಗಳು ಹೊಡೆದ ಮೇಲೆ ಜಮಖಾನೆ ಹೊಡೆಯಿತು. “ಏನ ಇಂಗ್ಲೀಷಲೇ ಇದು, ಪಟಪಟಾ ಅಂತೈತಿ!” ಎಂದು ಯಾರೋ ತಲೆದೂಗಿದರು. ಚಪ್ಪಾಳೆ ಹೊಡೆಯದವರು ವೇದಿಕೆಯ ಮೇಲೆ ಮೂವರು. ಸಾಹೇಬರು ಚಹದ ಕಪ್ಪನ್ನು ಬಸಿಯಲ್ಲಿಟ್ಟರು. ಈರಬಸಪ್ಪನವರ ಬಾಯಿ ತೆರೆದೇ ಇತ್ತು. ದಾವೂದಸಾಬರು ನೆಲಕ್ಕೆ ಕಣ್ಣು ನೆಟ್ಟಿದ್ದರು, ಮೀಸೆ ಮಾತ್ರ ನಡುಗುತ್ತಿತ್ತು. ಅದು ಅಂಜಿಕೆಯೋ ನಗೆಯೋ ತಿಳಿಯುವಂತಿರಲಿಲ್ಲ.

“ತಂಗೀ,” ಎಂದರು ಸಾಹೇಬರು, ಚಪ್ಪಾಳೆ ಇಳಿದ ಮೇಲೆ. “ಹನಮಂತಪ್ಪ ಅಂದ್ರ ಯಾರು?”

“ಇಲ್ರಿ ಸಾಹೇಬ್ರ, ಹುಡುಗಿ ಗಾಬರಿ ಆಗಿ ಹೆಸರು ತಪ್ಪಿ ಅಂದಾಳ್ರಿ,” ಎಂದು ಈರಬಸಪ್ಪನವರು ಮೈಕಿಗೆ ಕೈ ಹಾಕಿದರು.

ಕೆಂಚವ್ವ ಮೈಕು ಬಿಡಲಿಲ್ಲ. “ತಪ್ಪಿಲ್ರಿ. ಕನ್ನಡದಾಗೂ ಅಂತೀನಿ, ಎಲ್ಲಾರಿಗೂ ತಿಳೀಲಿ. ಈ ಸಾಲಿಗೆ ಹೊಲಾ ಕೊಟ್ಟಾಂವ ನಮ್ಮ ಮುತ್ಯಾ ಹನಮಂತಪ್ಪ. ಅಲ್ಲಿ ಹಗ್ಗದ ಆಚೀಕ ಬಿಸಲಾಗ ಕುಂತಾನ. ಕುಬೇರಪ್ಪ ಗೌಡ್ರು ನಮ್ಮ ಮುತ್ಯಾಗ ಏನೂ ಕೊಟ್ಟಿಲ್ಲ. ಈಗ ಚಪ್ಪಾಳಿ ಹೊಡದ್ರಲ್ಲ, ಅದು ಈ ಮಾತಿಗೆ.”

ಗೌಡನ ಎರಡೂ ಕೈ ಇನ್ನೂ ಒಂದರ ಎದುರು ಒಂದು ಇದ್ದವು. ಚಪ್ಪಾಳೆಯ ನಡುವೆ ಸಿಕ್ಕಿಬಿದ್ದ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

“ಕಾಗದ ಐತಿ ನನ್ನ ಕಡೆ!” ಎಂದು ಎದ್ದ. “ಸರ್ಕಾರಿ ಕಾಗದ! ಭೂದಾನಿ ಅಂತ ನನ್ನ ಹೆಸರೈತಿ!”

“ಐತ್ರಿ,” ಎಂದಳು ಕೆಂಚವ್ವ. “ಅದರ ಹಿಂದಿನ ಕಾಗದಾ ತೋರಸ್ರಿ. ಅದರ ಮ್ಯಾಲಿನ ಹೆಬ್ಬಟ್ಟು ಯಾರದು ಅಂತ ಸಾಹೇಬ್ರು ನೋಡ್ಲಿ.”

ಸಾಹೇಬರು ಜನದ ಕಡೆ ತಿರುಗಿದರು. “ಏನ್ರಿ ಊರವರ? ಹುಡುಗಿ ಹೇಳೂದು ಖರೇನೋ ಸುಳ್ಳೋ?”

ಖುರ್ಚಿಗಳು ಖುರ್ಚಿಗಳ ಕಡೆ ನೋಡಿದವು. ಕೆಮ್ಮು ಬಾರದವರು ಕೆಮ್ಮಿದರು. ಇಪ್ಪತ್ತು ವರ್ಷ ಮುಚ್ಚಿದ ಬಾಯಿ ಒಂದು ಪ್ರಶ್ನೆಗೆ ತೆರೆಯುವುದಿಲ್ಲ. ಮುಚ್ಚಿಕೊಂಡವರಿಗೆ ಅದರಿಂದ ಒಂದಿಷ್ಟು ನೆಳಲು ಸಿಕ್ಕಿರುತ್ತದೆ, ಒಂದಿಷ್ಟು ಕಾಳು ಸಿಕ್ಕಿರುತ್ತದೆ.

ಹೆಣ್ಣುಮಕ್ಕಳ ಕಡೆಯಿಂದ ಬಳೆ ಮಾರುವ ಹಲೀಮಾಬಿ ಎದ್ದಳು. ಅರವತ್ತು ದಾಟಿದ ಮುದುಕಿ. ಊರಿನ ಎಲ್ಲ ಹೆಣ್ಣುಮಕ್ಕಳ ಕೈ ಹಿಡಿದವಳು, ಗೌಡನ ಹೆಂಡತಿಯ ಕೈಯನ್ನೂ.

“ಖರೇ ಐತ್ರಿ ಸಾಹೇಬ್ರ. ಇವರು ಯಾರೂ ಹೇಳೂದಿಲ್ಲ, ನಾ ಹೇಳ್ತೀನಿ. ಈ ಜಾಗಾದಾಗ ಹನಮಂತಪ್ಪನ ಜ್ವಾಳ ನಿಂತಿತ್ತು. ತೆನಿ ಇನ್ನಾ ಹಾಲುಗಾಳು. ಸಾಲಿಗೆ ಪಾಯಾ ತೋಡ್ಬೇಕು, ಜಾಗಾ ಖಾಲಿ ಮಾಡು ಅಂದ್ರು. ಅಂವಾ ತನ್ನ ಕೈಯಾರೆ ಹಸೀ ಪೀಕ ಕೊಯ್ದ. ಆ ಮೇವು ನನ್ನ ಆಡಿಗೆ ನಾನ ಹೊತ್ತು ಒಯ್ದೀನಿ. ಗೌಡ್ರ ಹೊಲದಾಗಿನ ಒಂದು ಕಡ್ಡೀನೂ ಅದರಾಗ ಇರಲಿಲ್ಲ.”

“ಕೂಡಬೇ ಹಲೀಮಾ!” ಎಂದ ಗೌಡ.

“ಇಪ್ಪತ್ತು ವರ್ಷ ಕುಂತೀನ್ರಿ ಗೌಡ್ರ. ಟೊಂಕಾ ಹಿಡದೈತಿ.”

ಜಮಖಾನೆಯ ಮೇಲೆ ಯಾರೋ ನಕ್ಕರು. ಆ ನಗೆಯಿಂದ ಏನೋ ಸಡಿಲಾಯಿತು. “ಹೌದ್ರಿ,” ಎಂದ ಒಬ್ಬ, ಮುಖ ತೋರಿಸದೆ. “ಹೌದ್ರಿ, ಹನಮಂತಂದ ಹೊಲಾ ಅದು,” ಎಂದ ಇನ್ನೊಬ್ಬ. ಹಗ್ಗದಾಚೆಯಿಂದ ಹತ್ತು ದನಿ, ಇಪ್ಪತ್ತು ದನಿ ಹೌದೆಂದವು.

ಸಾಹೇಬರು ಸರ್ಕಾರದಲ್ಲಿ ಕೂದಲು ಹಣ್ಣಾದವರು. ಬೆಂಕಿಗೆ ನೀರು ಹಾಕುವುದು ಗೊತ್ತಿತ್ತು. “ಆತ ಬಿಡ್ರಿ, ಇಬ್ಬರೂ ದೊಡ್ಡವರ. ಆ ಹಿರಿಯಾರನ್ನೂ ಕರೀರಿ, ಒಂದು ಮಾಲಿ ಹಾಕೋಣು,” ಎಂದು ತಾವೇ ಒಂದು ಮಾಲೆ ಎತ್ತಿಕೊಂಡರು.

ಹನಮಂತಪ್ಪ ಹಗ್ಗ ದಾಟಿ ಬಂದ. ಮುದುಕ ಅವಸರ ಮಾಡಲಿಲ್ಲ. ಕಾಲಲ್ಲಿ ಕೆರ ಇದ್ದವು. ಗೌಡನ ಮುಂದೆ ಕೇರಿಯವರು ಕೆರ ಬಿಡುವುದು ಊರಿನ ರೀತಿ. ಅವನು ಬಿಡಲಿಲ್ಲ. ಹಾಗೇ ವೇದಿಕೆ ಹತ್ತಿದ. ಸಾಹೇಬರು ಮಾಲೆ ಹಿಡಿದು ಕೈ ಚಾಚಿದರು. ಮುದುಕ ಕೊರಳು ಬಗ್ಗಿಸಲಿಲ್ಲ.

“ಬ್ಯಾಡ್ರಿ ಸಾಹೇಬ್ರ. ನಾ ಕೊಟ್ಟಾಂವ. ಇಸಗೊಳ್ಳಾಕ ಬಂದಿಲ್ಲ.”

ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು ಜನದ ಕಡೆ ಒಂದು ಸಲ ನೋಡಿದ, ಇಳಿದು ಹೋದ. ಹೋಗುವಾಗ ಹಗ್ಗದ ಒಂದು ತುದಿಯನ್ನು ಗೂಟದಿಂದ ಬಿಚ್ಚಿ ನೆಲಕ್ಕೆ ಒಗೆದು ಹೋದ.

ಕಲ್ಲಿನ ಮೇಲಿನ ಕೆಂಪು ಬಟ್ಟೆಯನ್ನು ಆ ದಿನ ಯಾರೂ ಸರಿಸಲಿಲ್ಲ. ಸಾಹೇಬರಿಗೆ ಧಾರವಾಡದಲ್ಲಿ ತುರ್ತು ಕೆಲಸ ನೆನಪಾಯಿತು.

ಸೋಮವಾರ ಈರಬಸಪ್ಪನವರು ಕೆಂಚವ್ವನ ಮುಂದೆ ಬಿಳಿ ಹಾಳೆ ಇಟ್ಟರು. “ಬರಿ. ‘ನಾನು ಸುಳ್ಳು ಹೇಳಿದ್ದೇನೆ, ಗೌಡರ ಕ್ಷಮೆ ಕೇಳುತ್ತೇನೆ.’ ಕನ್ನಡದಾಗ ಬರಿ, ಇಂಗ್ಲೀಷಿನ ಉಸಾಬರಿ ಸಾಕು. ಬರದ್ರ ಸಹಿ. ಇಲ್ಲಾಂದ್ರ ನಾಳೆ ಮೂರಕ್ಕ ಬಸ್ಸು ಹೊಕ್ಕೈತಿ, ನಿನ್ನ ಫಾರ್ಮು ಇಲ್ಲೇ ಇರತೈತಿ.”

“ಬರಿಯೂದಿಲ್ರಿ.”

“ವಿಚಾರ ಮಾಡು.”

“ಮಾಡೇ ಮೈಕಿನ ಮುಂದ ನಿಂತಿದ್ದೆ ಸರ್.”

ಸಂಜೆ ಅವ್ವನಿಗೆ ಹೇಳಿದಳು. ಲಕ್ಷ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇರಿಯ ಮನೆ ಮನೆಗೆ ಹೋಗಿ ಬಂದಳು.

ಕುಬೇರಪ್ಪ ಗೌಡನ ಕಾಲುವೆ ನೀರಿನ ಹತ್ತಿ ಆ ವಾರ ಒಡೆದು ನಿಂತಿತ್ತು. ಹದಿನೆಂಟು ಎಕರೆ ಬೆಳ್ಳಗೆ. ಒಡೆದ ಹತ್ತಿ ಕಾಯುವುದಿಲ್ಲ. ಗಾಳಿ ಬಿಟ್ಟರೆ ಉದುರಿ ಎರೆಮಣ್ಣಿಗೆ ಬೀಳುತ್ತದೆ, ಮಣ್ಣು ಹತ್ತಿದ ಹತ್ತಿಯನ್ನು ಪೇಟೆಯವರು ಮೂಸಿಯೂ ನೋಡುವುದಿಲ್ಲ. ಬಿಡಿಸುವವರು ಕೇರಿಯ ಹೆಂಗಸರು. ಬೇರೆ ಊರಿನಿಂದ ಆಳು ತರಿಸಬೇಕೆಂದರೆ ಎಲ್ಲ ಊರಲ್ಲೂ ಹತ್ತಿ ಒಡೆದ ಕಾಲ.

ಮಂಗಳವಾರ ಹೊತ್ತು ಏರಿದರೂ ಹೊಲದಲ್ಲಿ ಒಂದು ಸೀರೆಯ ಬಣ್ಣವೂ ಕಾಣಲಿಲ್ಲ. ಮೂವತ್ತೇಳು ಹೆಂಗಸರು ಹತ್ತಿ ಕಟ್ಟುವ ಉಡಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಬಂದು ಸಾಲಿಯ ಅಂಗಳದಲ್ಲಿ ಕುಳಿತಿದ್ದರು. ಕೂಗಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಒಬ್ಬರ ತಲೆ ಒಬ್ಬರು ನೋಡುತ್ತ, ಕುಲುಕುಲು ಮಾತಾಡುತ್ತ ಕುಳಿತರು. ಹೆಡ್ ಮಾಸ್ತರರು ಖೋಲಿಯಿಂದ ಎರಡು ಸಲ ಹೊರಗೆ ಬಂದು, ಎರಡು ಸಲವೂ ಮಾತು ಸಿಗದೆ ಒಳಗೆ ಹೋದರು.

“ಏನಬೇ ಇದು?” ಎಂದರು ಮೂರನೆಯ ಸಲ. “ಸಾಲಿ ಐತಿ ಇದು, ಸಂತಿ ಅಲ್ಲ.”

“ಗೊತ್ತೈತ್ರಿ ಸರ್,” ಎಂದಳು ಲಕ್ಷ್ಮವ್ವ. “ಅದಕ್ಕ ಸಾಲಿಗೆ ಬಂದೀವಿ. ನೀವು ಪಾಠಾ ನಡಸ್ರಿ. ನಾವೇನು ಗದ್ದಲಾ ಮಾಡೂದಿಲ್ಲ.”

ಹನ್ನೊಂದರ ಹೊತ್ತಿಗೆ ಮೂಡಣ ಗಾಳಿ ಎದ್ದಿತು. ಹೆಂಗಸರೆಲ್ಲ ಒಮ್ಮೆಲೇ ತಲೆ ಎತ್ತಿ ಗಾಳಿಯ ಕಡೆ ನೋಡಿದರು. ಒಬ್ಬಾಕೆ “ಛಲೋ ಗಾಳಿ,” ಎಂದಳು.

ಹನ್ನೆರಡಕ್ಕೆ ಗೌಡನ ಟ್ರ್ಯಾಕ್ಟರ್ ಬಂದು ಸಾಲಿಯ ಮುಂದೆ ನಿಂತಿತು. ಗೌಡ ಇಳಿದವನು ಅಂಗಳದೊಳಗೆ ಕಾಲಿಡಲಿಲ್ಲ. ರಸ್ತೆಯಲ್ಲೇ ನಿಂತು ಒದರಿದ. “ಲಕ್ಷ್ಮೀ! ಏನ ಹುಡುಗಾಟಾ ಹಚ್ಚೀರಿ? ಗಾಳಿ ಬಿಟ್ಟೈತಿ ಕಾಣವಲ್ದೇನು?”

“ಕಾಣತೈತ್ರಿ.”

“ಹತ್ತಿ ಉದರತೈತಿ!”

“ಉದರತೈತ್ರಿ.”

“ಹಂಗಾದ್ರ ಏಳ್ರಿ!”

“ನಮ್ಮ ಹುಡುಗಿ ಫಾರ್ಮಿಗೆ ಸಹಿ ಆಗವಲ್ದರಿ ಗೌಡ್ರ. ಸಹಿ ಆಗೂತನಾ ನಮ್ಮ ಕಾಲು ಏಳವಲ್ವು. ಏನ ಮಾಡೂದು.”

ಗೌಡನ ಕಣ್ಣು ಹೊಲದ ಕಡೆ ಹೋಯಿತು, ಸಾಲಿಯ ಕಡೆ ಬಂತು, ಮತ್ತೆ ಹೊಲದ ಕಡೆ ಹೋಯಿತು. ಮಾನ ಒಂದು ಕಡೆ, ಹದಿನೆಂಟು ಎಕರೆ ಇನ್ನೊಂದು ಕಡೆ. ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಅಂಗಳ ದಾಟಿ ಒಳಗೆ ಬಂದ. ಹೆಂಗಸರು ಕಾಲು ಮಡಚಿ ದಾರಿ ಬಿಟ್ಟರು. ಖೋಲಿಯೊಳಗೆ ಅವನ ದನಿ ಹೊರಗೆ ಕೇಳುವಂತಿತ್ತು. “ಏನ್ರಿ ಈರಬಸಪ್ಪಾ! ಒಂದು ಸಹಿಗೆ ನನ್ನ ಪೀಕ ಹಾಳ ಮಾಡ್ತೀರೇನು? ಮಾಡಿ ಒಗೀರಿ!”

“ನೀವ ಬ್ಯಾಡಂದಿದ್ರೆಲ್ರಿ ಗೌಡ್ರ…”

“ನಾ ಈಗ ಮಾಡಂತೀನಿ!”

ಹೆಡ್ ಮಾಸ್ತರರ ಪೆನ್ನು ಮಸಿ ಬಿಡಲಿಲ್ಲ. ದಾವೂದಸಾಬರು ಕ್ಲಾಸಿನಿಂದ ಎದ್ದು ಬಂದು ತಮ್ಮ ಪೆನ್ನು ಕೊಟ್ಟರು. ಸಹಿ ಬಿತ್ತು, ಠಸ್ಸೆ ಬಿತ್ತು. ಈರಬಸಪ್ಪನವರು ಫಾರ್ಮು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ, “ತಗೋ. ಸಹಿ ಮಾಡಿ ಕೊಟ್ಟೀನಿ ನೋಡು,” ಎಂದರು.

ಕೆಂಚವ್ವ ಎರಡೂ ಕೈಯಿಂದ ಅದನ್ನು ತೆಗೆದುಕೊಂಡು, ಒಂದೊಂದು ಸಾಲು ಓದಿ ನೋಡಿದಳು. ತನ್ನ ಹೆಸರು ಸರಿಯಿತ್ತು. ಪಾಲಕರ ಹೆಸರಿನ ಮುಂದೆ ಹನಮಂತಪ್ಪ ಎಂದಿತ್ತು, ಅದೂ ಸರಿಯಿತ್ತು. ಕ್ಲಾರ್ಕನ ಕೈಗೆ ತಾನೇ ಕೊಟ್ಟು, ಅವನು ಕಟ್ಟಿನೊಳಗೆ ಸೇರಿಸಿ ದಾರ ಬಿಗಿಯುವ ತನಕ ಬಾಜೂಕೇ ನಿಂತಳು.

“ಆತಲ್ಲ ಇನ್ನ!” ಎಂದ ಗೌಡ ಹೊರಗೆ ಬಂದು. “ಹತ್ರಿ ಟ್ರ್ಯಾಕ್ಟರ್! ಹೊಲಕ್ಕ ಹೋಗೂಣು!”

ಲಕ್ಷ್ಮವ್ವ ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡಳು. ಉಳಿದವರೂ ಎದ್ದರು.

“ಟ್ರ್ಯಾಕ್ಟರ್ ತಗೊಂಡ ನೀವು ಹೋಗ್ರಿ ಗೌಡ್ರ,” ಎಂದಳು. “ಮೂರರ ಬಸ್ಸು ಹೋಗೂದು ನೋಡಿ, ಮನಿಗೆ ಹೋಗಿ ಉಂಡು, ನಾಳೆ ಬರ್ತೀವಿ.”